ತಂತಿ ಬಿಗಿದ ಆರು ವಾರ

ಕಟರಿನ ಹಿಡಿಗೆ ಹಸಿರು ರಬ್ಬರಿತ್ತು, ಎಡಗಡೆಯದು ತುದಿಯಲ್ಲಿ ಸ್ವಲ್ಪ ಸೀಳಿತ್ತು. ಕರೆಂಟಿನ ಕೆಲಸದವರು ವೈರು ಕತ್ತರಿಸಲು ಬಳಸುವಂಥದ್ದು. ಅಪ್ಪ ಅದನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದರು, ಅವ್ವ ನೀರಿನಲ್ಲಿ ಕುದಿಸಿ, ಲಂಗದ ಲಾಡಿಯೊಂದಕ್ಕೆ ಕಟ್ಟಿ ನನ್ನ ಕೊರಳಿಗೆ ಹಾಕಿದಳು. ಆರು ವಾರ ನಾನು ಅದನ್ನು ಸ್ನಾನಕ್ಕೆ ಮಾತ್ರ ತೆಗೆದಿಟ್ಟೆ. ನನಗೇನಾದರೂ ವಾಂತಿಯಾದರೆ, ಹತ್ತಿರ ಇದ್ದವರು ಯಾರೇ ಆಗಲಿ, ನನ್ನ ತುಟಿ ಬಿಡಿಸಿ, ಮೇಲಿನ ಹಲ್ಲುಸಾಲನ್ನು ಕೆಳಗಿನದಕ್ಕೆ ಬಿಗಿದಿದ್ದ ತಂತಿಗಳನ್ನು ಅದರಿಂದ ಕತ್ತರಿಸಬೇಕಿತ್ತು. ಇಲ್ಲವಾದರೆ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು.

ನನ್ನ ಕೆಳದವಡೆ ಎರಡು ಕಡೆ ಮುರಿದಿತ್ತು. ಗದ್ದದ ಬಲಕ್ಕೆ ಒಂದು, ಎಡಗಿವಿಯ ಹತ್ತಿರ ಒಂದು. ಈಗ ಬಾಯಿ ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ. ಆಕಳಿಸುವಾಗ ಕಿವಿಯ ಬಳಿ ಸಣ್ಣದೊಂದು ಸದ್ದು ಬರುತ್ತದೆ, ನನಗೆ ಮಾತ್ರ ಕೇಳಿಸುವಷ್ಟು. ಹಲ್ಲಿಗೆ ತಂತಿ ಬಿಗಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿರುವವರು ಯಾರಾದರೂ ಇದನ್ನು ಓದಿದರೆ, ಮೊದಲ ವಾರ ಅನ್ನಿಸುವಷ್ಟು ಅದು ಕೆಟ್ಟದ್ದಲ್ಲ ಎಂದು ಅವರಿಗೆ ಹೇಳಬೇಕೆಂದು ಬರೆಯಲು ಕುಳಿತೆ. ಬರೆಯುತ್ತ ಹೋದಂತೆ ನೋವಿನ ಬಗ್ಗೆ ಹೇಳುವುದು ಕಡಿಮೆ ಇದೆ, ನಾಚಿಕೆಯ ಬಗ್ಗೆ ಹೆಚ್ಚು ಇದೆ ಎಂದು ತಿಳಿಯಿತು. ಅದನ್ನು ಬಿಟ್ಟು ಬರೆದರೆ ಇದು ಇನ್ನೊಂದು ಅರ್ಧಸತ್ಯವಾಗುತ್ತದೆ.

ನಾನು ಬಬಲೇಶ್ವರದ ಆಚೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಅಪ್ಪನ ಬಟ್ಟೆ ಅಂಗಡಿಯೂ ಅಲ್ಲೇ. ನಾವು ಐದು ಜನ ಶಿಕ್ಷಕರು ಸೇರಿ ಒಂದು ವ್ಯಾನು ಗೊತ್ತು ಮಾಡಿಕೊಂಡಿದ್ದೆವು. ಓಡಿಸುತ್ತಿದ್ದವರು ರಾಜೇಸಾಬ್ ಕಾಕಾ, ಟಿಕೋಟಾದವರು. ಬೆಳಿಗ್ಗೆ ಟಿಕೋಟಾದಿಂದ ವಿಜಯಪುರಕ್ಕೆ ಬಂದು ನಮ್ಮನ್ನು ಹತ್ತಿಸಿಕೊಂಡು ಬಬಲೇಶ್ವರದ ರಸ್ತೆ ಹಿಡಿಯುತ್ತಿದ್ದರು. ನಮ್ಮ ಊರಲ್ಲಿ ಹೆಣ್ಣುಮಕ್ಕಳು ಮೇಷ್ಟರಾದರೆ ಅಕ್ಕೋರು. ಕಾಕಾಗೆ ನಾನು ಅವರ ಮಗಳಿಗಿಂತ ಚಿಕ್ಕವಳಾದರೂ ಅಕ್ಕೋರು.

ಕಾಕಾ ನಿಧಾನಕ್ಕೆ ಓಡಿಸುವವರು. ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದ ಬಿರಾದಾರ ಸರ್‌ಗೆ ಅದೇ ದಿನದ ಮೊದಲ ಜೋಕು.

“ಕಾಕಾ, ಹಿಂದ ಎತ್ತಿನ ಬಂಡಿ ಸೈಡ್ ಕೇಳಾಕತ್ತದ ನೋಡ್ರಿ.”

“ಕೊಡೂಣ ಬಿಡ್ರಿ ಸರ್. ಪಾಪ ಎತ್ತಿಗೂ ಸಾಲಿ ಟೈಮ್ ಆಗಿರಬೇಕು.”

ಆ ರಸ್ತೆಯಲ್ಲಿ ಕೆಲವು ದಿನ ಸ್ಪೀಡ್ ಗನ್ ಇಟ್ಟ ಪೊಲೀಸ್ ಗಾಡಿ ನಿಲ್ಲುತ್ತಿತ್ತು. ಅದು ಎಲ್ಲಿದೆ ಎಂದು ಒಬ್ಬರಿಗೊಬ್ಬರು ತಿಳಿಸಲು ದಿನಾ ಓಡಾಡುವವರೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದರು. ಹಾಲಿನ ಗಾಡಿಯವರು, ಬ್ಯಾಂಕಿನವರು, ನಮ್ಮಂಥ ಶಿಕ್ಷಕರು. ಕೈಮುಗಿದ ಚಿತ್ರ ಬಂದರೆ ಪೊಲೀಸರು ಇದ್ದಾರೆ, ಹೆಬ್ಬೆರಳಿನ ಚಿತ್ರ ಬಂದರೆ ಇಲ್ಲ. ಬಿರಾದಾರ ಸರ್ ನನ್ನನ್ನೂ ಸೇರಿಸಿದ್ದರು. ನಾನು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಗ್ರೂಪು ನೋಡಿ ಹೇಳುತ್ತಿದ್ದೆ. ಬರೇ ನೋಡಿ ಹೇಳಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನಾನು ಡೈರಿಯ ಕೊನೆಯ ಪುಟದಲ್ಲಿ ಒಂದು ಕೋಷ್ಟಕ ಹಾಕಿದೆ. ಯಾವ ವಾರ, ಯಾವ ತಿರುವು, ಎಷ್ಟು ಗಂಟೆಗೆ. ಎರಡು ತಿಂಗಳಲ್ಲಿ ಗಾಡಿ ಯಾವತ್ತು ಬರುವುದಿಲ್ಲ ಎಂದು ಹೇಳಬಲ್ಲವಳಾದೆ. ಬುಧವಾರ ಬರುವುದಿಲ್ಲ ಎಂದೆ, ಬರಲಿಲ್ಲ. ವ್ಯಾನಿನಲ್ಲಿ ಚಪ್ಪಾಳೆ ಬಿತ್ತು.

ಒಂದು ದಿನ ಬಿರಾದಾರ ಸರ್ ಹೊಸ ಸುದ್ದಿ ತಂದರು. “ಪುಣೇದಾಗ ನಮ್ಮ ಅಳಿಯ ಒಂದು ಡಬ್ಬಿ ತಂದಾನ್ರಿ. ರೇಡಾರ್ ಡಿಟೆಕ್ಟರ್ ಅಂತಾರ ಅದಕ್ಕ. ಗಾಡಿ ಮುಂದಿನ ಗ್ಲಾಸಿಗೆ ಹಚ್ಚಿಬಿಟ್ರ ಆತು. ಸ್ಪೀಡ್ ಗನ್ ಇನ್ನೂ ದೂರ ಇರ್ತದ, ಇದು ಮೊದಲ ಚೀಂವ್ ಚೀಂವ್ ಅಂತದ.”

“ಅದು ಮೋಸ ಅಲ್ಲೇನ್ರಿ?” ಎಂದು ಬಸಮ್ಮ ಟೀಚರ್ ಕೇಳಿದರು.

“ಏನ್ ಮೋಸ? ಮಳಿ ಬರ್ತದ, ಛತ್ರಿ ತಗೊಂಡ ಹೋಗ್ರಿ ಅನ್ನೂದು ಮೋಸೇನು?”

ಕಾಕಾ ಕನ್ನಡಿಯಲ್ಲಿ ನೋಡಿ ನಕ್ಕರು. “ಪೊಲೀಸರ ಮಷಿನ್ ನಮ್ಮ ಸ್ಪೀಡ್ ಹೇಳ್ತದ. ಆ ಡಬ್ಬಿ ಪೊಲೀಸರು ಎಲ್ಲದಾರ ಹೇಳ್ತದ. ಮುಂದ ಎಮ್ಮಿ ಅಡ್ಡ ಬರ್ತದ ಅಂತ ಹೇಳೂ ಮಷಿನ್ ಯಾವ ಮಗಾ ಮಾಡ್ಯಾನ್ರಿ ಸರ್?”

“ನಮಗ ಯಾ ಡಬ್ಬೀನೂ ಬ್ಯಾಡ ಬಿಡ್ರಿ ಕಾಕಾ. ನಮ್ಮ ಮೇಡಮ್ ಅದಾರಲ್ಲ, ಅವರ ನಮ್ಮ ರೇಡಾರ್!”

ನಾನು ವ್ಯಾನಿನಲ್ಲಿ ಹೆಚ್ಚು ಮಾತಾಡಿದವಳಲ್ಲ. ನಗುವ ಹೊತ್ತಿಗೆ ನಗುತ್ತಿದ್ದೆ, ಅಷ್ಟೇ. ಆ ಹೆಸರು ಬಿದ್ದ ದಿನ ನನಗೆ ಬಹಳ ಖುಷಿಯಾಗಿತ್ತು. ಅದನ್ನು ಈಗ ಬರೆಯುವಾಗ ಕೈ ತಡೆಯುತ್ತದೆ.

ಅವತ್ತು ಬುಧವಾರ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ. ಪ್ರಶ್ನೆಪತ್ರಿಕೆಯ ಲಕೋಟೆ ಒಡೆಯುವ ಕೆಲಸ ನನ್ನದು. ವ್ಯಾನು ಬಂದು ನಿಂತಾಗ ನನ್ನ ದುಪಟ್ಟಾದ ಅಂಚಿನಲ್ಲಿ ಇಸ್ತ್ರಿಯ ಕಂದು ಕಲೆ ಕಂಡಿತು. ಬೆರಳುಗುರಿನಷ್ಟು. ಮನೆಗೆ ಹೋಗಿ ಬದಲಿಸಿಕೊಂಡು ಬಂದೆ. ಎಂಟು ನಿಮಿಷ. ಯಾರೂ ಏನೂ ಅನ್ನಲಿಲ್ಲ. ಪ್ರತಿದಿನ ಸರಿಯಾದ ಸಮಯಕ್ಕೆ ನಿಲ್ಲುವವಳು ಒಂದು ದಿನ ತಡಮಾಡಿದರೆ ಯಾರು ಏನೆನ್ನುತ್ತಾರೆ?

ಊರು ದಾಟಿದ ಮೇಲೆ ಫೋನಿಗೆ ಹೆಬ್ಬೆರಳು ಬಂತು, ಹಾಲಿನ ಗಾಡಿಯವನಿಂದ. ನನ್ನ ಕೋಷ್ಟಕವೂ ಅದನ್ನೇ ಹೇಳುತ್ತಿತ್ತು.

“ಕಾಕಾ, ಇವತ್ತ ಯಾರೂ ಇಲ್ಲ. ಸ್ವಲ್ಪ ಜೋರ ಹೋಗ್ರಿ.”

“ಅಕ್ಕೋರ, ಕಬ್ಬಿನ ಗಾಡಿ ರಸ್ತೆಕ್ಕ ಬರೂ ಹೊತ್ತದು.”

“ಎಂಟ ನಿಮಿಷ ಲೇಟ್ ಆಗೇದ ಕಾಕಾ. ಹೋಗ್ರಿ, ನಾ ನೋಡಾಕತ್ತೀನಲ್ಲ.”

ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ವ್ಯಾನಿನ ಸದ್ದು ಬದಲಾಯಿತು. ಅದು ಹಾಗೆ ಸದ್ದು ಮಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾನು ನೋಡುತ್ತಿದ್ದದ್ದು ಫೋನನ್ನು. ಚಾರ್ಜರಿನ ವೈರು ಅಡ್ಡ ಬರುತ್ತದೆಂದು ಸೀಟ್ ಬೆಲ್ಟು ಕೂಡ ಹಾಕಿರಲಿಲ್ಲ. ಹೊಲದ ದಾರಿಯಿಂದ ಕಬ್ಬು ಹೇರಿದ ಟ್ರಾಕ್ಟರು ರಸ್ತೆಗೆ ಹೊರಳಿತ್ತು. ಅದರ ಎರಡನೆಯ ಟ್ರೇಲರ್ ಇನ್ನೂ ಅಡ್ಡವಿತ್ತು. ಕಾಕಾ “ಯಾ ಅಲ್ಲಾ” ಎಂದದ್ದು, ಬ್ರೇಕು, ಮೈಯೆಲ್ಲ ಮುಂದಕ್ಕೆ ಹೋದದ್ದು ನೆನಪಿದೆ. ಆಮೇಲೆ ಹಸಿ ಕಬ್ಬಿನ ವಾಸನೆ. ಬಿರಾದಾರ ಸರ್ ಹಣೆಗೆ ಮೂರು ಹೊಲಿಗೆ ಬಿದ್ದವು, ಕಾಕಾರ ಮಣಿಕಟ್ಟು ಉಳುಕಿತು, ಉಳಿದವರಿಗೆ ತರಚು ಗಾಯ. ಜೋರಾಗಿ ಪೆಟ್ಟಾದದ್ದು ನನಗೊಬ್ಬಳಿಗೇ. ಆದ್ದರಿಂದ ಆ ಅಪಘಾತದಲ್ಲಿ ಎಲ್ಲರೂ ಕನಿಕರ ಪಡಬೇಕಾದವಳು ನಾನಾದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ವಯಸ್ಸಿನವರು. ಕೈಗವಸಿನ ಬೆರಳಿಂದ ನನ್ನ ಕೆಳಗಿನ ಹಲ್ಲುಗಳನ್ನು ಮುಟ್ಟಿ, “ಕಚ್ಚರಿ. ಮೊದಲ ಹಿಂಗ ಕೂಡತಿದ್ವೇನು?” ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಹಲ್ಲುಗಳು ಬೇರೆ ಯಾರದೋ ಬಾಯಿಯವು ಅನ್ನಿಸುತ್ತಿತ್ತು. ಎರಡೂ ಸಾಲಿಗೆ ಪಟ್ಟಿ ಕಟ್ಟಿ, ನಡುವೆ ತಂತಿ ಹೆಣೆದು ಆರು ವಾರ ಬಾಯಿ ಮುಚ್ಚುತ್ತೇವೆ, ಎಲುಬು ತಾನೇ ಕೂಡುತ್ತದೆ ಎಂದರು. ಅವ್ವ ಕೇಳಿದ ಮೊದಲ ಪ್ರಶ್ನೆ, “ಊಟ?” ಎರಡನೆಯದು, “ಅಳೂ ಬಂದ್ರ?”

ಊಟದ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಈ ಸ್ಥಿತಿಯಲ್ಲಿರುವವರು ಮೊದಲು ಹೆದರುವುದು ಅದಕ್ಕೇ. ಕೊನೆಯ ಹಲ್ಲಿನ ಹಿಂದೆ ಒಂದು ಸಣ್ಣ ಸಂದು ಇರುತ್ತದೆ. ಸ್ಟ್ರಾ ಅಥವಾ ಸೂಜಿಯಿಲ್ಲದ ಸಿರಿಂಜು ಅಲ್ಲಿಗೆ ಹೋಗುತ್ತದೆ. ಜೋಳದ ಅಂಬಲಿ, ಸೋಸಿದ ಬೇಳೆಕಟ್ಟು, ಮಜ್ಜಿಗೆ, ಹಾಲು. ಎರಡನೆಯ ವಾರ ಅವ್ವ ತಡೆಯಲಾರದೆ ರೊಟ್ಟಿ ಮತ್ತು ಎಣ್ಣೆಗಾಯಿ ಪಲ್ಯವನ್ನು ಮಿಕ್ಸಿಗೆ ಹಾಕಿ ನೀರು ಮಾಡಿ ತಂದಳು. ಸಿರಿಂಜು ಮೂರು ಸಲ ಕಟ್ಟಿತು. ನಾಲ್ಕನೆಯ ಸಲ ನಾಲಿಗೆಗೆ ಎಳ್ಳು-ಶೇಂಗಾದ ರುಚಿ ತಾಕಿದಾಗ ನನಗೆ ಅಳು ಬಂತು. ಅಳಬಹುದು, ಏನೂ ಆಗುವುದಿಲ್ಲ. ಮೂಗು ಕಟ್ಟದಂತೆ ನೋಡಿಕೊಂಡರೆ ಸಾಕು. ಜೊಲ್ಲು ಸುರಿಯುತ್ತದೆ, ವಾಸನೆ ಬರುತ್ತದೆ, ಎದುರಿಗಿದ್ದವರು ತುಸು ಹಿಂದೆ ಸರಿಯುತ್ತಾರೆ. ಅವೆಲ್ಲ ನಾಲ್ಕನೆಯ ವಾರಕ್ಕೆ ರೂಢಿಯಾಗುತ್ತವೆ.

ಮಾತಿಗೆ ಒಂದು ನೋಟುಬುಕ್ಕು ಕೊಟ್ಟಿದ್ದರು. “ಫ್ಯಾನು ಕಡಿಮೆ.” “ಉಪ್ಪು ಹೆಚ್ಚಾಗಿದೆ.” “ಮಕ್ಕಳ ಉತ್ತರಪತ್ರಿಕೆ ಯಾರು ತಿದ್ದುತ್ತಾರೆ?” ಎಲ್ಲ ಬರೆದೆ, ಚುಕ್ಕೆ ಅಲ್ಪವಿರಾಮ ಸಹಿತ. ಆ ಪುಸ್ತಕ ಇನ್ನೂ ಇದೆ. ಬಾಯಿ ಕಟ್ಟಿತ್ತು, ಹೇಳಲಾಗಲಿಲ್ಲ ಎಂಬ ನೆಪ ನನಗಿಲ್ಲ ಎಂಬುದಕ್ಕೆ ಅದರ ಪ್ರತಿ ಪುಟವೂ ಸಾಕ್ಷಿ.

ಮೂರನೆಯ ದಿನ ಠಾಣೆಯಿಂದ ವಯಸ್ಸಾದ ಹವಾಲ್ದಾರರೊಬ್ಬರು ವಾರ್ಡಿಗೆ ಬಂದರು. ಕಾಕಾರ ಮೇಲೆ ಅತಿವೇಗದ ಕೇಸು ದಾಖಲಾಗಿತ್ತು. ಲೈಸೆನ್ಸು ಪೊಲೀಸರ ವಶಕ್ಕೆ ಹೋಗಿತ್ತು. ಗಾಯಗೊಂಡವಳ ಹೇಳಿಕೆ ಬೇಕಿತ್ತು.

“ಮಾತಾಡೂದು ಬ್ಯಾಡವಾ. ಏನಾತು ಅಂತ ಬರದ ಕೊಡು, ಸಾಕು.”

ನಾನು ನಾಲ್ಕು ವಾಕ್ಯ ಬರೆದೆ. ವ್ಯಾನು ಪ್ರತಿದಿನಕ್ಕಿಂತ ಹೆಚ್ಚು ವೇಗವಾಗಿತ್ತು. ಚಾಲಕರು ಟ್ರಾಕ್ಟರು ಕಂಡ ಮೇಲೆ ಬ್ರೇಕು ಹಾಕಿದರೂ ನಿಲ್ಲಲಿಲ್ಲ. ನಾನು ಮುಂದಿನ ಸೀಟಿನಲ್ಲಿದ್ದೆ. ನನ್ನ ದವಡೆ ಮುರಿದಿದೆ. ನಾಲ್ಕೂ ನಿಜ. ಒಂದರಲ್ಲೂ ಒಂದು ಪದ ಹೆಚ್ಚಿಲ್ಲ. ನಾನು ಕೆಲವೊಮ್ಮೆ ಮಕ್ಕಳಿಗೆ ಹೇಳುವುದುಂಟು, ಕೇಳಿದ್ದಕ್ಕೆ ಮಾತ್ರ ಉತ್ತರಿಸಿ ಎಂದು. ಅಪ್ಪ ಅದನ್ನು ಓದಿ, “ಏನ್ ಮುದ್ದಾಗಿ ಬರದಾಳ ನೋಡ್ರಿ ಇಷ್ಟ ತ್ರಾಸಿನ್ಯಾಗೂ,” ಎಂದು ಹವಾಲ್ದಾರರಿಗೆ ತೋರಿಸಿದರು. “ಅಂವನ ಲೈಸೆನ್ಸ್ ಮತ್ತ ಕೈಗೆ ಸಿಗಬಾರದು. ಹಂಗ ಮಾಡ್ತೀನಿ.”

ಅವತ್ತು ಮಧ್ಯಾಹ್ನ ಫೋನು ತೆರೆದೆ. ಪರದೆಯ ಮೂಲೆ ಮಾತ್ರ ಸೀಳಿತ್ತು. ಗ್ರೂಪಿನಲ್ಲಿ ಅಪಘಾತದ ದಿನದ ಮೆಸೇಜುಗಳು, ಒಂದರ ಕೆಳಗೊಂದು. ನಮ್ಮ ವ್ಯಾನು ಹೊಡೆದು ಅರ್ಧ ಗಂಟೆಯಾಗಿರಬಹುದು. ಯಾರೋ ಬ್ಯಾಂಕಿನವರು ಬರೆದಿದ್ದರು: ಕಬ್ಬಿನ ಗಾಡಿ ಹತ್ತಿರ ಪೊಲೀಸರು ಬಂದಿದ್ದಾರೆ, ಅಲ್ಲಿ ಮಾತ್ರ ನಿಧಾನ ಹೋಗಿ. ಕೆಳಗೆ ಕೈಮುಗಿದ ಚಿತ್ರ. ಅದರ ಕೆಳಗೆ ಹನ್ನೊಂದು ಜನರ ಧನ್ಯವಾದ. ಅವರಿಗೆ ಗೊತ್ತಿರಲಿಲ್ಲ, ಹೊಡೆದ ವ್ಯಾನಿನೊಳಗೆ ಇದ್ದವರು ನಾವೆಂದು. ಗೊತ್ತಿದ್ದರೂ ನಾನೇ ಆ ಜಾಗದಲ್ಲಿದ್ದರೆ ಅದನ್ನೇ ಬರೆಯುತ್ತಿದ್ದೆ, ಕೋಷ್ಟಕದಲ್ಲಿ ಬುಧವಾರದ ಮುಂದೆ ಒಂದು ಗುರುತು ಹಾಕಿಕೊಳ್ಳುತ್ತಿದ್ದೆ ಕೂಡ. ಪೊಲೀಸರು ಎಲ್ಲಿದ್ದಾರೆ ಎಂದು ತಿಳಿಯುವುದರಲ್ಲಿ ತಪ್ಪೇನು ಎಂದು ಯಾರಾದರೂ ಈಗ ಕೇಳಿದರೆ ನನ್ನ ಬಳಿ ಕಾನೂನಿನ ಉತ್ತರವಿಲ್ಲ. ಇಷ್ಟು ಗೊತ್ತು: ಪೊಲೀಸರಿಲ್ಲ ಎಂದು ತಿಳಿದ ಮೇಲೆ ನಾನು ರಸ್ತೆ ನೋಡುವುದನ್ನು ಬಿಟ್ಟಿದ್ದೆ. ಕಾಕಾ ನೋಡುತ್ತಿದ್ದರು, ಅವರಿಂದಲೂ ಅದನ್ನು ಬಿಡಿಸಿದೆ.

ಎರಡನೆಯ ವಾರ ಬಿರಾದಾರ ಸರ್ ನೋಡಲು ಮನೆಗೆ ಬಂದರು. ಅವ್ವ ಚಹಾಕ್ಕೆ ಒಳಗೆ ಹೋದಾಗ ಸ್ಟೂಲು ಹತ್ತಿರ ಎಳೆದುಕೊಂಡರು.

“ಕಾಕಾ ಠಾಣೇದಾಗ ಗ್ರೂಪಿನ ಹೆಸರೂ ತಗೀಲಿಲ್ಲ, ನಿಮ್ಮ ಹೆಸರೂ ತಗೀಲಿಲ್ಲರಿ ಮೇಡಮ್. ತಪ್ಪ ನಂದ ಅಂದುಬಿಟ್ಟ. ನಾ ಹೊರಗ ಕರದ ಕೇಳಿದ್ರ, ‘ಹೆಣ್ಮಗಳು, ಸರಕಾರಿ ನೌಕರಿ, ಲಗ್ನ ಆಗೂ ಹುಡುಗಿ. ಆಕಿನ್ನ ಯಾಕ ಠಾಣೇಕ್ಕ ಎಳೀಬೇಕ್ರಿ’ ಅಂದ.” ಸ್ವಲ್ಪ ಹೊತ್ತು ತಮ್ಮ ಹಣೆಯ ಪಟ್ಟಿ ಮುಟ್ಟಿಕೊಂಡರು. “ನೀವೂ ಸುಮ್ಮನಿರ್ರಿ. ಹೆಂಗೂ ಬಾಯಿ ಕಟ್ಟ್ಯಾರಲ್ಲ.”

ಅದು ಜೋಕು ಎಂದುಕೊಂಡು ಅವರೇ ನಕ್ಕರು. ನಾನು ನೋಟುಬುಕ್ಕು ತೆರೆದು “ಚಹಾ ಕುಡಿದು ಹೋಗಿ” ಎಂದು ಬರೆದೆ.

ವಾರಕ್ಕೊಮ್ಮೆ ತಂತಿ ಬಿಗಿ ನೋಡಿಸಲು ಹೋಗಬೇಕಿತ್ತು. ಕಾಯುವ ಜಾಗ ಒಂದು ಉದ್ದ ಪಡಸಾಲೆ. ಮಾತಾಡದವಳ ಪಕ್ಕ ಕೂತರೆ ಜನ ತಮ್ಮದೆಲ್ಲ ಹೇಳುತ್ತಾರೆಂದು ನನಗೆ ಅಲ್ಲಿ ತಿಳಿಯಿತು. ಮಮದಾಪುರದ ಒಬ್ಬ ತಾಯಿ, ಗಂಡನನ್ನು ಕರೆತಂದವರು, ಮೂರು ವಾರ ನನ್ನ ಬೆಂಚಿನಲ್ಲೇ ಕೂತರು. ಆತನಿಗೂ ತಂತಿ. ಬೈಕಿನಿಂದ ಬಿದ್ದದ್ದು. “ಇಪ್ಪತ್ತ ವರ್ಷದಾಗ ಮೊದಲ ಸಲ ನಮ್ಮ ಮನ್ಯಾಗ ಜಗಳಿಲ್ಲ ನೋಡಬೇ,” ಎಂದು ಆಕೆ ಗಂಡನಿಗೆ ಕೇಳುವಂತೆಯೇ ಹೇಳಿದಾಗ ಆತ ಮೂಗಿನಿಂದ ನಕ್ಕ. ಆಮೇಲೆ ಆಕೆ ನನ್ನ ಕಡೆ ತಿರುಗಿ, “ನಿನಗೇನಾತ ಯವ್ವಾ? ಗಾಡಿ ಹೊಡದವ ಯಾರೋ ಏನೋ, ಅವನ ಕೈ ಸೇದಿ ಹೋಗ್ಲಿ. ಅರಳೂ ಹೂವಿನಂಥಾ ಹುಡುಗಿ,” ಎಂದರು.

ನಾನು ತಲೆಯಾಡಿಸಿದೆ. ಹೌದೆಂದು. ಅಭ್ಯಾಸಬಲ ಎನ್ನಬಹುದು, ಸೌಜನ್ಯ ಎನ್ನಬಹುದು. ಪಡಸಾಲೆಯ ಆ ತುದಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಹತ್ತಿರ, ರಾಜೇಸಾಬ್ ಕಾಕಾ ನಿಂತಿದ್ದರು.

ಅವರು ಪ್ರತಿ ವಾರ ಬರುತ್ತಿದ್ದರು. ಹತ್ತಿರ ಬರುತ್ತಿರಲಿಲ್ಲ. ಲೈಸೆನ್ಸಿಲ್ಲ, ವ್ಯಾನಿಲ್ಲ. ನಮ್ಮ ಶಿಕ್ಷಕರು ಬೇರೆ ಗಾಡಿ ಗೊತ್ತು ಮಾಡಿಕೊಂಡಿದ್ದರು. ಕಾಕಾ ಈಗ ಟಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಟ್ರೇ ಎತ್ತುತ್ತಿದ್ದರು, ಉಳುಕಿದ ಆ ಮಣಿಕಟ್ಟಿನಿಂದಲೇ. ನಾಲ್ಕನೆಯ ವಾರ ಅಪ್ಪ ಔಷಧಿ ತರಲು ಕೆಳಗೆ ಹೋದಾಗ ಬಂದು ಅವ್ವನ ಕೈಗೆ ಒಂದು ಕಾಗದದ ಪೊಟ್ಟಣ ಕೊಟ್ಟರು. ಅವರ ಅಂಗಿಯಿಂದ ದ್ರಾಕ್ಷಿಯ ಹುಳಿಸಿಹಿ ವಾಸನೆ ಬರುತ್ತಿತ್ತು.

“ಒಣದ್ರಾಕ್ಷಿರಿ ಅವ್ವಾರ. ಅಕ್ಕೋರಿಗೆ ಅಗಿಯಾಕ ಬರೂದಿಲ್ಲ, ಗೊತ್ತದ. ನೆನಿಸಿ ರುಬ್ಬಿ ಕೊಡ್ರಿ. ತಾಕತ್ ಬರ್ತದ.”

ಅವ್ವ ಅದನ್ನು ಅಪ್ಪನಿಗೆ ತೋರಿಸಲಿಲ್ಲ. ಹೇಳಿದಂತೆಯೇ ನೆನೆಹಾಕಿ, ರುಬ್ಬಿ, ಸೋಸಿ ಕೊಟ್ಟಳು. ನಾನು ಕುಡಿದೆ. ಬಹಳ ರುಚಿಯಾಗಿತ್ತು. ಆ ಆರು ವಾರಗಳಲ್ಲಿ ನನಗೆ ಸಿಕ್ಕ ಕನಿಕರಗಳಲ್ಲಿ ಅದು ಎಲ್ಲಕ್ಕಿಂತ ದೊಡ್ಡದು. ಆ ಹೊತ್ತಿನಲ್ಲೂ ನಾನು ಬಾಯಿ ಒರೆಸಿಕೊಂಡು, ನೋಟುಬುಕ್ಕಿನಲ್ಲಿ ಏನೂ ಬರೆಯದೆ, ಗೋಡೆಯ ಕಡೆ ಹೊರಳಿ ಮಲಗಿದೆ.

ಆರನೆಯ ವಾರ ತಂತಿ ಬಿಚ್ಚಿದರು. ನೋವೇನಿಲ್ಲ, ಚಟಕ್ ಚಟಕ್ ಎಂದು ಕತ್ತರಿಸುವ ಸದ್ದು ತಲೆಯೊಳಗೆ ಕೇಳಿಸುತ್ತದೆ ಅಷ್ಟೇ. ತಂತಿ ಹೋದ ಮೇಲೂ ಬಾಯಿ ತೆರೆಯಲಿಲ್ಲ. ಅದನ್ನು ಯಾರಿಗೇ ಆಗಲಿ ಮೊದಲೇ ಹೇಳಬೇಕು, ನನಗೆ ಯಾರೂ ಹೇಳಿರಲಿಲ್ಲ. ಒಂದು ಬೆರಳು ಹಿಡಿಯುವಷ್ಟು ಸಂದು ಮಾತ್ರ. ಡಾಕ್ಟರಮ್ಮ ಐಸ್‌ಕ್ರೀಮಿನ ಕಟ್ಟಿಗೆಚಮಚದಂಥ ಪಟ್ಟಿಗಳ ಕಟ್ಟು ಕೊಟ್ಟು, ಹಲ್ಲಿನ ನಡುವೆ ಒಂದರ ಮೇಲೊಂದು ಸೇರಿಸುತ್ತ ದಿನಕ್ಕೊಂದು ಹೆಚ್ಚಿಸಲು ಹೇಳಿದರು.

“ಈಗ ಏನರೆ ಮಾತಾಡ್ರಿ, ಕೇಳೂಣು.”

“ನೀರು,” ಎಂದೆ. ಬಾಯಾರಿಕೆ ಇರಲಿಲ್ಲ. ಅವ್ವ ಅತ್ತಳು.

ಪಡಸಾಲೆಯಲ್ಲಿ ಕಾಕಾ ಇದ್ದರು. ಈ ಸಲ ಅಪ್ಪ ಅವರ ಎದುರಿಗೇ ನಿಂತರು. “ಏನ್ ಸಾಹೇಬರ, ಮಾಡಿದ್ದು ನೋಡಾಕ ಬಂದ್ರೇನು? ನೋಡ್ರಿ. ಎರಡ ಬೆರಳ ಹೋಗವಲ್ದು ಹುಡುಗೀ ಬಾಯಾಗ.”

“ಮಾತ ಬಂತಲ್ರಿ ಮಾಲಕರ. ಅಷ್ಟಾದ್ರ ಸಾಕ್ರಿ.” ಅವರು ನನ್ನ ಕಡೆ ನೋಡಿದರು. “ಮಾತಾಡಾಕ ಬರ್ತದೇನ್ರಿ ಅಕ್ಕೋರ?”

“ಬರ್ತದ ಕಾಕಾ,” ಎಂದೆ.

ಅಷ್ಟೇ. ತಂತಿಯಿರಲಿಲ್ಲ, ನೋಟುಬುಕ್ಕು ಬೇಕಿರಲಿಲ್ಲ, ಅಪ್ಪ ಪಕ್ಕದಲ್ಲೇ ಇದ್ದರು, ಎಲ್ಲರೂ ಕೇಳಿಸುವಷ್ಟು ಹತ್ತಿರದಲ್ಲಿದ್ದರು. ನಾನು ಅಷ್ಟು ಹೇಳಿ ಅವ್ವನ ತೋಳು ಹಿಡಿದು ಮೆಟ್ಟಿಲಿಳಿದೆ. ಕಾಕಾ ಕೆಳಗೆ ಬಂದು ಆಟೋ ನಿಲ್ಲಿಸಿ ಕೊಟ್ಟರು. “ತಗ್ಗದಾಗ ನಿಧಾನ ಹೊಡಿಯಪಾ, ಪೇಶೆಂಟ್ ಅದಾರ,” ಎಂದು ಆಟೋದವನಿಗೆ ಹೇಳುವುದು ಕೇಳಿಸಿತು.

ಮನೆಗೆ ಬಂದ ಮೇಲೆ ಅಪ್ಪ ವಕೀಲರಿಗೆ ಫೋನು ಮಾಡಿದರು. ಅವರ ದನಿಯಲ್ಲಿ ಹಬ್ಬವಿತ್ತು. “ಹುಡುಗಿ ಮಾತಾಡಾಕ ಹತ್ಯಾಳ್ರಿ. ಇನ್ನ ಚಿಂತಿಲ್ಲ, ಕೋರ್ಟಿನ್ಯಾಗ ನಿಂತ ಹೇಳ್ತಾಳ, ಅಂವ ಹೆಂಗ ಹೊಡದ ಅಂತ.”

ಅವರು ಫೋನಿಡುವವರೆಗೆ ಕಾದೆ.

“ಅಪ್ಪಾ, ಜೋರ ಹೋಗ್ರಿ ಅಂದಾಕಿ ನಾನು.”

ಬಾಯಿ ಸರಿಯಾಗಿ ತೆರೆಯದೆ ಮಾತು ತೊದಲುತ್ತಿತ್ತು. ಅವರು ಕೇಳಿಸಿಕೊಳ್ಳಲಿಲ್ಲವೆಂದು ಮತ್ತೆ ಹೇಳಿದೆ. ಕೇಳಿಸಿತ್ತು. ಗ್ರೂಪು, ಕೋಷ್ಟಕ, ಎಂಟು ನಿಮಿಷ, ಎಲ್ಲ ಹೇಳಿದೆ. ನಡುನಡುವೆ ಜೊಲ್ಲು ಒರೆಸಿಕೊಳ್ಳಬೇಕಾಯಿತು. ಕಾಕಾ ಬೇಡವೆಂದರು, ನಾನು ಎರಡನೆಯ ಸಲ ಹೇಳಿದೆ ಎಂದೂ ಹೇಳಿದೆ.

ಅಪ್ಪ ಕುರ್ಚಿ ಎಳೆದು ನನ್ನೆದುರು ಕೂತರು. “ಆಕ್ಸಿಲರೇಟರ್ ಮ್ಯಾಲ ಕಾಲ ಯಾರದಿತ್ತು? ಅವಂದೋ, ನಿಂದೋ?”

“ಕಾಲ ಅವರದು. ನಾ ನೋಡಾಕತ್ತೀನಿ ಅಂದಿದ್ದೆ. ನೋಡಿರಲಿಲ್ಲ.”

“ಅಂವನೇ ಹೇಳಿಲ್ಲ. ಯಾರೂ ಕೇಳಿಲ್ಲ. ನಿನಗ್ಯಾಕ ಬೇಕಾಗೇದ ಈಗ?” ದನಿ ಏರಿತು. “ನೌಕರಿ ಅದ. ನಾಳಿ ನೋಡಾಕ ಬಂದವರು ಪೊಲೀಸ್ ಕೇಸದಾಗ ಹೆಸರದ ಅಂದ್ರ ಏನ್ ಹೇಳ್ಲಿ ನಾ?”

ಅವ್ವ ಬಾಗಿಲಲ್ಲಿ ನಿಂತಿದ್ದಳು. “ಆರ ವಾರ ಹಾಲ ಹೊಯ್ದೀನಿ ಈ ಬಾಯಿಗೆ,” ಎಂದಳು. “ತಗದ ದಿನಾನ ಇದ ಬರಬೇಕೇನು?” ಆಮೇಲೆ ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಅಪ್ಪನಿಗೆ, “ಆಂವ ಒಣದ್ರಾಕ್ಷಿ ತಂದಿದ್ದ. ಇಕಿ ಕುಡದಾಳ,” ಎಂದಳು. ಅಪ್ಪ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ನ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಹೊರಟೆ. ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. ಅವ್ವ ಥರ್ಮಾಸಿನಲ್ಲಿ ಅಂಬಲಿ ತುಂಬಿ ಚೀಲಕ್ಕೆ ಹಾಕಿದಳು. “ಠಾಣೇದಾಗ ಎಷ್ಟೊತ್ತ ಕೂಡಸ್ತಾರೋ ಏನೋ. ತಣ್ಣಗಾದಿಂದ ಕುಡೀಬ್ಯಾಡ.” ಬಬಲೇಶ್ವರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆ ಹೊಲದ ದಾರಿ ಬಂದಾಗ ನೋಡಿದೆ. ಕಬ್ಬು ಕಡಿದು ಮುಗಿದಿತ್ತು, ಉಳಿದ ಒಣಗರಿಯ ರವದಿ ಸುಟ್ಟ ಕಪ್ಪು ನೆಲ.

ಠಾಣೆಯಲ್ಲಿ ಅದೇ ಹವಾಲ್ದಾರರಿದ್ದರು. ಗುರುತು ಹಿಡಿದು ಕುರ್ಚಿ ಕೊಟ್ಟರು. ಹೇಳಿಕೆಗೆ ಸೇರಿಸುವುದಿದೆ ಎಂದಾಗ ಬಿಳಿ ಹಾಳೆ ಮುಂದೆ ತಳ್ಳಿದರು. “ಬರೀರಿ. ನಿಮ್ಮ ಅಕ್ಷರ ಛಲೋ ಅದಾವ.”

ನಾನು ಹಾಳೆಯನ್ನು ವಾಪಸ್ಸು ತಳ್ಳಿದೆ. “ನಾ ಹೇಳ್ತೀನ್ರಿ. ನೀವು ಬರಕೊಳ್ರಿ.”

ನಿಧಾನವಾಗಿ ಹೇಳಿದೆ. ತುಟಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತ ಹೇಳಿದೆ. ಅವರು ಎರಡು ಸಲ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಮುಗಿದ ಮೇಲೆ ಕನ್ನಡಕ ಹಣೆಗೇರಿಸಿ, “ಇದರಿಂದ ಅವನ ಕೇಸೇನ ಹೋಗೂದಿಲ್ಲ ನೋಡವಾ. ಗಾಡಿ ಅಂವನೇ ಹೊಡದಾನ,” ಎಂದರು.

“ಗೊತ್ತದ್ರಿ. ಆದ್ರೂ ಇರ್ಲಿ.”

ಅವರು ಬರೆದದ್ದನ್ನು ಓದಿ ಹೇಳಿದರು. ಎಲ್ಲ ಸರಿಯಿತ್ತು. ಒಂದು ಕಡೆ ಮಾತ್ರ, “ಪ್ರಯಾಣಿಕರಲ್ಲಿ ಒಬ್ಬರು ವೇಗವಾಗಿ ಹೋಗುವಂತೆ ಹೇಳಿದ್ದರಿಂದ” ಎಂದಿತ್ತು. ಮರ್ಯಾದೆಗಾಗಿ ಹಾಗೆ ಬರೆದಿದ್ದರು. ಅವರ ವಯಸ್ಸಿನವರು ಹಾಗೆಯೇ ಬರೆಯುತ್ತಾರೆ.

“ಅಲ್ಲಿ ಒಬ್ಬರು ಅನ್ನೂದು ಬ್ಯಾಡ್ರಿ,” ಎಂದೆ. “ಹೆಸರ ಬರೀರಿ.”

ಅವರು ಒಂದು ಗೆರೆ ಎಳೆದು ಆ ಪದ ಹೊಡೆದರು. ಪೆನ್ನು ಹಿಡಿದು ಕಾದರು.

“ಸುಜಾತಾ,” ಎಂದೆ.